ಮದ್ರಸಕ್ಕೆ ಹೋಗುವ ದಾರಿಯ ಚಂದ್ರ

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ಕಳೆದ ಕೂಡಲೇ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ಎಲ್ಲ ಮನೆಗಳಲ್ಲಿ ಟಿವಿ ಇಲ್ಲವೇ ಮೊಬೈಲ್ ಮುಂದೆ ಮಕ್ಕಳು ಕೂತಿದ್ದರು, ಚಪ್ಪಾಳೆ ಹೊಡೆದರು. ಮರುದಿನ ಮದ್ರಸದಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳ ಹತ್ತಿರ ನಾನು ಕೇಳಿದೆ: ‘ಲ್ಯಾಂಡರ್ ಇಳಿಯುವಾಗ ಚಂದ್ರ ಎಲ್ಲಿದ್ದ?’ ಒಬ್ಬ ‘ಬೆಂಗಳೂರಿನಲ್ಲಿ’ ಅಂದ. ಎಲ್ಲರೂ ನಕ್ಕರು. ಇಸ್ರೋ ಕಚೇರಿಯನ್ನು ತೋರಿಸುತ್ತಿದ್ದರಲ್ಲ, ಅವನಿಗೆ ಹಾಗೆ ಅನಿಸಿರಬೇಕು.

ಅಸಲಿಗೆ ಆ ಹೊತ್ತಿಗೆ ಚಂದ್ರ ನಮ್ಮ ಮನೆಯ ಮಾಡಿನ ಮೇಲೆಯೇ ಇದ್ದ. ಸಫರ್ ತಿಂಗಳ ಮೊದಲ ವಾರ, ಹೆಚ್ಚುಕಡಿಮೆ ಅರ್ಧ ಚಂದ್ರ, ದಕ್ಷಿಣ ದಿಕ್ಕಿನಲ್ಲಿ. ಮಳೆಗಾಲ, ಮೋಡ ಇರಬಹುದು. ಆದರೆ ಮೋಡ ಉಂಟಾ ಇಲ್ಲವಾ ಎಂದು ನೋಡಲಿಕ್ಕೂ ಯಾರೂ ಅಂಗಳಕ್ಕೆ ಇಳಿದಿರಲಿಲ್ಲ.

ಆ ದಿನವನ್ನೇ ಯಾಕೆ ಆರಿಸಿದ್ದರು ಎಂಬುದು ಮಕ್ಕಳಿಗೆ ಹೇಳಲು ಒಳ್ಳೆಯ ಸಂಗತಿ. ಲ್ಯಾಂಡರ್ ಇಳಿದ ಜಾಗದಲ್ಲಿ ಆಗ ತಾನೇ ಬೆಳಗಾಗಿತ್ತು. ಚಂದ್ರನ ಒಂದು ಹಗಲೆಂದರೆ ನಮ್ಮ ಸುಮಾರು 14 ದಿನ. ಯಂತ್ರ ನಡೆಯುವುದು ಬಿಸಿಲಿನಿಂದ, ಹಾಗಾಗಿ ಬೆಳಗ್ಗೆ ಇಳಿದರೆ ಪೂರ್ತಿ ಹಗಲು ಕೆಲಸಕ್ಕೆ ಸಿಗುತ್ತದೆ. ಇದನ್ನು ಹೇಳಿದ ಮೇಲೆ ಒಂದು ಹುಡುಗಿ ಕೇಳಿದಳು, ‘ಉಸ್ತಾದ್, ಶಾಲೆಯ ಚಂದ್ರನೂ ನಮ್ಮ ಪೆರ್ನಾಲ್‌ನ ಚಂದ್ರನೂ ಒಂದೇನಾ?’

ಈ ಪ್ರಶ್ನೆಗೆ ನಗಲಿಕ್ಕಾಗುವುದಿಲ್ಲ. ನಮ್ಮ ಮಕ್ಕಳ ತಲೆಯಲ್ಲಿ ಎರಡು ಡಬ್ಬಗಳಿವೆ. ಒಂದರಲ್ಲಿ ಶಾಲೆಯ ಪಾಠದ ಸೂರ್ಯ, ಚಂದ್ರ, ಭೂಮಿ. ಇನ್ನೊಂದರಲ್ಲಿ ನಮಾಝಿನ ಸಮಯ, ಚಂದ್ರದರ್ಶನ, ಕಿಬ್ಲಾ. ಈ ಡಬ್ಬದ್ದು ಆ ಡಬ್ಬಕ್ಕೆ ಹೋಗುವುದೇ ಇಲ್ಲ. ದೊಡ್ಡವರಾದ ಮೇಲೆ ಇವೆರಡರಲ್ಲಿ ಒಂದನ್ನು ಬಿಡಬೇಕೋ ಏನೋ ಎಂಬ ಸಂಶಯ ಬರುವುದು ಕೂಡ ಇಲ್ಲಿಂದಲೇ. ಹಾಗೆ ನೋಡಿದರೆ ಆಕಾಶದ ಪಾಠ ಕಲಿಯಲು ನಮ್ಮ ಮನೆಯ ಮಕ್ಕಳಿಗೆ ಇರುವಷ್ಟು ಅನುಕೂಲ ಬೇರೆಯವರಿಗೆ ಇಲ್ಲ. ದಿನಕ್ಕೆ ಐದು ಸಲ ಸೂರ್ಯ ಎಲ್ಲಿದ್ದಾನೆ ಎಂಬ ಲೆಕ್ಕ, ತಿಂಗಳಿಗೊಮ್ಮೆ ಚಂದ್ರನ ಲೆಕ್ಕ ನಮ್ಮ ಮನೆಗಳಲ್ಲಿ ನಡೆಯುತ್ತದೆ. ಆದರೆ ಲೆಕ್ಕ ಈಗ ಆ್ಯಪಿನದ್ದು, ಗೋಡೆಯ ಮೇಲಿನ ವೇಳಾಪಟ್ಟಿಯದ್ದು. ಮಗು ಆಕಾಶ ನೋಡುವ ಅಗತ್ಯವೇ ಉಳಿದಿಲ್ಲ.

ಚಂದ್ರ ಯಾಕೆ ಸಣ್ಣದಾಗುತ್ತಾನೆ ಎಂದು ಮಕ್ಕಳ ಹತ್ತಿರ ಒಮ್ಮೆ ಕೇಳಿ ನೋಡಿ. ಹೆಚ್ಚಿನವರು ಹೇಳುವ ಉತ್ತರ, ‘ಭೂಮಿಯ ನೆರಳು ಬೀಳುತ್ತದೆ.’ ಪುಸ್ತಕದಲ್ಲಿ ಹಾಗೆ ಬರೆದಿಲ್ಲ. ಆದರೂ ಹೀಗೇ ಹೇಳುತ್ತಾರೆ. ಹತ್ತನೇ ತರಗತಿ ಪಾಸಾದವರೂ ಹೇಳುತ್ತಾರೆ, ಕೆಲವು ಹೆತ್ತವರೂ. ಪುಸ್ತಕದ ಚಿತ್ರವನ್ನು ಎಷ್ಟು ಬಣ್ಣದಲ್ಲಿ ತೋರಿಸಿದರೂ ಇದು ಹೋಗುವುದಿಲ್ಲ. ಒಂದು ತಿಂಗಳು ಚಂದ್ರನನ್ನು ನೋಡಿದ ಮಗುವಿಗೆ ಮಾತ್ರ ಇದು ಸರಿಯಲ್ಲ ಎಂದು ತಾನಾಗಿಯೇ ಗೊತ್ತಾಗುತ್ತದೆ. ಯಾಕೆಂದರೆ ಸಂಜೆ ಪಶ್ಚಿಮದಲ್ಲಿ ಸೂರ್ಯ ಮುಳುಗುತ್ತಿರುವಾಗ ಅರ್ಧ ಚಂದ್ರ ನೆತ್ತಿಯ ಮೇಲಿರುತ್ತಾನೆ. ಭೂಮಿಯ ನೆರಳು ಬೀಳುವುದು ಸೂರ್ಯನ ಎದುರು ದಿಕ್ಕಿಗೆ. ಅದು ನೆತ್ತಿಗೆ ಹೇಗೆ ಬಂತು?

ಆದ್ದರಿಂದ ನಾನು ಮೊದಲು ಹೆಸರು, ಚಿತ್ರ, ವಿವರಣೆ ಯಾವುದನ್ನೂ ಕೊಡುವುದಿಲ್ಲ. ನೋಟ್ ಪುಸ್ತಕದಲ್ಲಿ 30 ಮನೆ ಹಾಕಿಸುತ್ತೇನೆ. ಐದು ರೂಪಾಯಿ ನಾಣ್ಯ ಇಟ್ಟು ಒಂದೊಂದು ಮನೆಯಲ್ಲಿ ಒಂದೊಂದು ವೃತ್ತ. ಪ್ರತಿದಿನ ಚಂದ್ರನನ್ನು ಕಂಡ ಹಾಗೆ ಬರೆಯಬೇಕು. ಕಂಡ ಸಮಯ, ದಿಕ್ಕು ಬರೆಯಬೇಕು. ಕಾಣದಿದ್ದರೆ ‘ಮೋಡ’ ಅಥವಾ ‘ಕಾಣಲಿಲ್ಲ’ ಎಂದು ಬರೆಯಬೇಕು, ಸುಮ್ಮನೆ ಊಹಿಸಿ ಬರೆಯಬಾರದು. ನಮ್ಮ ಕಡೆ ಈ ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿವರೆಗೆ. ಜೂನ್, ಜುಲೈಯಲ್ಲಿ ಮಾಡಿಸಿದರೆ ಪುಸ್ತಕದ ತುಂಬ ಮೋಡವೇ.

ಮಕ್ಕಳಿಗೆ ಗುರುತು ಹಿಡಿಯಲು ಗಡಿಯಾರ ಬೇಡ, ಬಾಂಗ್ ಸಾಕು. ಮೂರನೇ ಚಂದ್ರ ಮಗ್‌ರಿಬ್ ಹೊತ್ತಿಗೆ ಪಶ್ಚಿಮದಲ್ಲಿ ತಗ್ಗಿನಲ್ಲಿರುತ್ತಾನೆ. ಏಳನೆಯದು ಅದೇ ಹೊತ್ತಿಗೆ ನೆತ್ತಿಯ ಸಮೀಪ. ಹದಿನಾಲ್ಕು, ಹದಿನೈದರಂದು ಮಗ್‌ರಿಬ್‌ಗೆ ಪೂರ್ವದಲ್ಲಿ ತೆಂಗಿನ ತೋಟದ ಹಿಂದಿನಿಂದ ಏಳುತ್ತಾನೆ. ಆಮೇಲೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ ಮಾಡುತ್ತಾ ಹೋಗುತ್ತಾನೆ, ಮಕ್ಕಳು ಮಲಗಿದ ಮೇಲೆ ಬರುತ್ತಾನೆ. ‘ಉಸ್ತಾದ್, ಚಂದ್ರ ಬರಲೇ ಇಲ್ಲ’ ಎಂದು ದೂರು ಬರುವುದು ಆಗ. ಬೆಳಗ್ಗೆ ಮದ್ರಸಕ್ಕೆ ಬರುವ ದಾರಿಯಲ್ಲಿ ತಲೆ ಎತ್ತಿ ನೋಡಿ ಎನ್ನುತ್ತೇನೆ. ಪಶ್ಚಿಮದ ಆಕಾಶದಲ್ಲಿ ಬಿಳುಚಿಕೊಂಡು ನಿಂತಿರುತ್ತಾನೆ. ದಿನ ಕಳೆದ ಹಾಗೆ ಮೇಲೆ ಮೇಲೆ, ತೆಳ್ಳಗೆ. 22ರ ಸುಮಾರಿಗೆ ಸುಬಹ್ ಹೊತ್ತಿಗೆ ನೆತ್ತಿಯ ಮೇಲೆ ಅರ್ಧ. ಮೊದಲ ಸಲ ಹಗಲು ಬೆಳಕಿನಲ್ಲಿ ಚಂದ್ರನನ್ನು ಕಂಡ ಮಕ್ಕಳು ಓಡಿಕೊಂಡು ಬಂದು ಹೇಳುತ್ತಾರೆ. ಅವರ ಪುಸ್ತಕದ ಚಿತ್ರಗಳಲ್ಲಿ ಚಂದ್ರ ಇರುವುದು ರಾತ್ರಿಗೆ ಮಾತ್ರ, ಅದಕ್ಕೆ ಅಷ್ಟು ಆಶ್ಚರ್ಯ.

ತಿಂಗಳು ಮುಗಿದ ಮೇಲೆ ಚೆಂಡಿನ ಪಾಠ. ಕಿಟಕಿ ಮುಚ್ಚಿದ ಕೋಣೆ, ಒಂದು ಬಲ್ಬ್ ಸೂರ್ಯ. ಬಲ್ಬ್ ಇಲ್ಲದಿದ್ದರೆ ಮೊಬೈಲಿನ ಟಾರ್ಚ್ ಆಗುತ್ತದೆ. ಕಡ್ಡಿಗೆ ಚುಚ್ಚಿದ ಒಂದು ಬಿಳಿ ಚೆಂಡು ಚಂದ್ರ. ಮಗುವಿನ ತಲೆಯೇ ಭೂಮಿ. ಚೆಂಡನ್ನು ಕೈ ಚಾಚಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿದುಕೊಂಡು ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಬೇಕು. ಬಲ್ಬಿನ ಕಡೆ ಮುಖ ಮಾಡಿದಾಗ ಚೆಂಡಿನ ನಮ್ಮ ಕಡೆಯ ಭಾಗ ಪೂರ್ತಿ ಕತ್ತಲು. ಸ್ವಲ್ಪ ತಿರುಗಿದರೆ ಅಂಚಿನಲ್ಲಿ ಬೆಳಕಿನ ಗೆರೆ, ಅದೇ ಹಿಲಾಲ್. ಬಲ್ಬಿಗೆ ಬೆನ್ನು ಹಾಕಿದಾಗ ಪೂರ್ಣ ಬೆಳಕು, ಅದು ಬದ್ರ್. ಚೆಂಡಿನ ಅರ್ಧಕ್ಕೆ ಯಾವಾಗಲೂ ಬೆಳಕು ಬಿದ್ದೇ ಇರುತ್ತದೆ, ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದಷ್ಟೇ ಬದಲಾಗುವುದು. ಈ ಮಾತನ್ನು ನಾನು ಹೇಳುವ ಮೊದಲೇ ತರಗತಿಯಲ್ಲಿ ಯಾರಾದರೂ ಹೇಳಿಬಿಡುತ್ತಾರೆ. ಮನೆಯಲ್ಲಿ ಮಾಡುವವರಿಗೆ ಒಂದು ಕಿವಿಮಾತು: ಚೆಂಡನ್ನು ಸರಿಯಾಗಿ ತಲೆಯ ಮಟ್ಟಕ್ಕೆ ಹಿಡಿದರೆ ಬೆನ್ನು ಹಾಕಿದಾಗ ತಲೆಯ ನೆರಳು ಚೆಂಡಿನ ಮೇಲೆ ಬೀಳುತ್ತದೆ. ಅದು ಚಂದ್ರಗ್ರಹಣ. ನೆರಳಿನ ಕೆಲಸ ಅಲ್ಲಿ ಮಾತ್ರ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ತಿಂಗಳು ತಿಂಗಳು ಗ್ರಹಣ ಆಗುವುದಿಲ್ಲ.

ಒಂದು ಹಿಲಾಲ್‌ನಿಂದ ಇನ್ನೊಂದಕ್ಕೆ ಸರಾಸರಿ 29 ದಿನ 12 ಮುಕ್ಕಾಲು ಗಂಟೆ. ತಿಂಗಳು ಒಮ್ಮೆ 29, ಒಮ್ಮೆ 30 ಆಗುವುದು ಇದಕ್ಕೆ. ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ, ಅಂದರೆ ಇಂಗ್ಲಿಷ್ ವರ್ಷಕ್ಕಿಂತ 11 ದಿನ ಕಡಿಮೆ. ರಂಝಾನ್ ಪ್ರತಿವರ್ಷ ಹಿಂದೆ ಸರಿದು ಸುಮಾರು 33 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಮಕ್ಕಳು ಮನೆಯ ಅಜ್ಜಿಯ ಹತ್ತಿರ ಮಳೆಗಾಲದ ನೋಂಬು ಎಷ್ಟು ಸಲ ನೋಡಿದ್ದೀರಿ ಎಂದು ಕೇಳಲಿ, ಅಜ್ಜಿಯ ವಯಸ್ಸಿನ ಅಂದಾಜು ಸಿಗುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ, ಒಂದೇ ವರ್ಷ ಎರಡು ಸಲ ರಂಝಾನ್ ಬರುತ್ತದೆ ಎಂದರೆ ಮಕ್ಕಳು ನಂಬುವುದೇ ಇಲ್ಲ. ಲೆಕ್ಕ ಮಾಡಿ ನೋಡಿ ಎಂದರೆ ಮಾಡುತ್ತಾರೆ. ಗಣಿತ ಬೇಡ ಎನ್ನುವವರೂ ಮಾಡುತ್ತಾರೆ.

ಇನ್ನು ನೆರಳು. ಲುಹರ್ ಶುರುವಾಗುವುದು ಸೂರ್ಯ ನೆತ್ತಿ ದಾಟಿ ಪಶ್ಚಿಮಕ್ಕೆ ವಾಲಿದ ಮೇಲೆ. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಅಸರ್ ಶುರುವಾಗುವುದು ಒಂದು ವಸ್ತುವಿನ ನೆರಳು, ನಡುಮಧ್ಯಾಹ್ನದ ನೆರಳನ್ನು ಬಿಟ್ಟು, ಆ ವಸ್ತುವಿನಷ್ಟೇ ಉದ್ದವಾದಾಗ. ಇದನ್ನು ನಾವು ಕಿತಾಬಿನಲ್ಲಿ ಓದಿಸುತ್ತೇವೆ, ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ತೋರಿಸುವವರು ಕಡಿಮೆ.

ಹಿಂದೆ ಇದು ಒಂದು ಉದ್ಯೋಗವೇ ಆಗಿತ್ತು. ದೊಡ್ಡ ಮಸೀದಿಗಳಲ್ಲಿ ಸಮಯದ ಲೆಕ್ಕಕ್ಕೆಂದೇ ಮುವಖ್ಖಿತ್ ಇರುತ್ತಿದ್ದರು. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನುಶ್ಶಾತಿರ್ ಎಂಬವರು 1371ರಲ್ಲಿ ಅಲ್ಲಿನ ಮಿನಾರಕ್ಕೆಂದು ಒಂದು ದೊಡ್ಡ ನೆರಳು ಗಡಿಯಾರ ಮಾಡಿದ್ದರು. ಗ್ರಹಗಳ ಚಲನೆಯ ಬಗ್ಗೆ ಅವರು ಬರೆದದ್ದನ್ನು ಖಗೋಳ ಚರಿತ್ರೆ ಓದುವವರು ಇಂದಿಗೂ ಓದುತ್ತಾರೆ. ನಮ್ಮ ಮಸೀದಿಗೆ ಈಗ ಡಿಜಿಟಲ್ ಗಡಿಯಾರ ಬಂದಿದೆ, ಬರಲಿ. ಕೋಲಿಗೆ ಏನೂ ಖರ್ಚಿಲ್ಲವಲ್ಲ.

ಮಾಡುವುದು ಹೀಗೆ. ಬಿಸಿಲು ಬೀಳುವ ಸಮತಟ್ಟು ನೆಲದಲ್ಲಿ ಒಂದು ಅಡಿಯ ಕೋಲನ್ನು ನೇರ ನಿಲ್ಲಿಸಿ. ಹನ್ನೊಂದು ಗಂಟೆಯಿಂದ ಎರಡರವರೆಗೆ ಹದಿನೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಸಣ್ಣ ಕಲ್ಲು ಇಡಿಸಿ. ಮಕ್ಕಳು ಹನ್ನೆರಡು ಗಂಟೆಗೆ ನೆರಳು ಅತಿ ಗಿಡ್ಡ ಎಂದು ಮೊದಲೇ ಹೇಳಿರುತ್ತಾರೆ. ಕಲ್ಲುಗಳು ಬೇರೆ ಹೇಳುತ್ತವೆ. ಮಂಗಳೂರಿನಲ್ಲಿ ನೆರಳು ಅತಿ ಗಿಡ್ಡವಾಗುವುದು ಹನ್ನೆರಡೂವರೆಯ ಆಸುಪಾಸು. ದೇಶಕ್ಕೆಲ್ಲ ಒಂದೇ ಸಮಯ ಎಂದು ಇಟ್ಟುಕೊಂಡಿರುವುದು 82.5 ಡಿಗ್ರಿ ರೇಖಾಂಶದ್ದು, ಅದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹೋಗುತ್ತದೆ. ನಾವು ಅದಕ್ಕಿಂತ ಪಶ್ಚಿಮದಲ್ಲಿ, 75 ಡಿಗ್ರಿಯ ಹತ್ತಿರ ಇದ್ದೇವೆ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಅರ್ಧ ಗಂಟೆ ತಡವಾಗಿ ಬರುತ್ತಾನೆ. ವರ್ಷದ ಒಳಗೆ ಇದೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಲುಹರ್ ಬಾಂಗ್ ನವೆಂಬರಿನಲ್ಲಿ ಬೇಗ, ಫೆಬ್ರವರಿಯಲ್ಲಿ ತಡ ಯಾಕೆ ಎಂದು ವೇಳಾಪಟ್ಟಿ ನೋಡಿದ ಮಕ್ಕಳು ಕೇಳುವುದು ಈ ಪಾಠ ಆದ ಮೇಲೆಯೇ.

ಎಪ್ರಿಲ್ 24ನ್ನು ಉಮ್ಮಂದಿರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಶಾಲೆಗೆ ರಜೆ, ಮಕ್ಕಳು ಮನೆಯಲ್ಲೇ ಇರುತ್ತಾರೆ. ಅಂದು ಮಧ್ಯಾಹ್ನ 12.28ರ ಸುಮಾರಿಗೆ ಮಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ನೇರ ನಿಂತ ಕೋಲಿಗೆ ನೆರಳೇ ಇಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಒಂದು ಗ್ಲಾಸನ್ನು ಬೋರಲು ಹಾಕಿ ಅಂಗಳದಲ್ಲಿಟ್ಟರೆ ಸಾಕು, ಗೊತ್ತಾಗುತ್ತದೆ. ಆಗಸ್ಟ್ 18ರಂದು ಇನ್ನೊಮ್ಮೆ ಹೀಗಾಗುತ್ತದೆ, ಆದರೆ ಅಂದು ಬಿಸಿಲು ಕಾಣುವ ಭಾಗ್ಯ ನಮ್ಮೂರಿಗೆ ಕಡಿಮೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಉತ್ತರಕ್ಕೆ. ಎಪ್ರಿಲ್ 24ರಂದು ಅಸರ್ ಲೆಕ್ಕವೂ ಸುಲಭ. ಬಿಟ್ಟು ಎಣಿಸಬೇಕಾದ ಮಧ್ಯಾಹ್ನದ ನೆರಳು ಅಂದು ಇಲ್ಲವಲ್ಲ. ಒಂದು ಅಡಿ ಕೋಲಿಗೆ ಒಂದು ಅಡಿ ನೆರಳು ಆಗುವವರೆಗೆ ಕಾದರೆ ಸುಮಾರು ಮೂರೂವರೆ ಗಂಟೆ ಆಗುತ್ತದೆ. ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿದರೆ ಮಗುವಿನ ಮುಖ ನೋಡಬೇಕು.

ಕಿಬ್ಲಾಕ್ಕೂ ಇಂಥದೇ ದಿನ ಉಂಟು. ಮೇ 28ರ ಸುಮಾರಿಗೆ ನಮ್ಮ ಸಮಯ ಮಧ್ಯಾಹ್ನ 2.48ಕ್ಕೆ, ಜುಲೈ 16ರ ಸುಮಾರಿಗೆ 2.57ಕ್ಕೆ ಸೂರ್ಯ ಸರಿಯಾಗಿ ಕಅ್‌ಬಾದ ನೆತ್ತಿಯ ಮೇಲಿರುತ್ತಾನೆ. ಆ ಕ್ಷಣ ನಮ್ಮ ಅಂಗಳದ ಕೋಲಿನ ನೆರಳಿಗೆ ಬೆನ್ನು ಹಾಕಿ ಸೂರ್ಯನ ಕಡೆ ನಿಂತರೆ ಅದೇ ಕಿಬ್ಲಾ. ನಮ್ಮಲ್ಲಿ ಹಲವರು ಕಿಬ್ಲಾ ಎಂದರೆ ಪಶ್ಚಿಮ ಎಂದೇ ತಿಳಿದಿದ್ದಾರೆ. ಮಂಗಳೂರಿನಿಂದ ಅದು ಪಶ್ಚಿಮಕ್ಕಿಂತ ಸುಮಾರು 19 ಡಿಗ್ರಿ ಉತ್ತರಕ್ಕೆ. ಮಕ್ಕಳಿಗೆ ಇದನ್ನು ತೋರಿಸಿದರೆ ದಿಕ್ಕು, ಡಿಗ್ರಿ, ನಕ್ಷೆ ಎಲ್ಲ ಒಟ್ಟಿಗೇ ಆಯಿತು.

ಭೂಮಿ ಗುಂಡಗಿದೆ ಎಂಬುದಕ್ಕೆ ನಮ್ಮ ಮನೆಗಳಲ್ಲಿ ಬೇರೆ ಸಾಕ್ಷಿ ಯಾಕೆ? ಉಪ್ಪ ದುಬೈಯಲ್ಲೋ ಜಿದ್ದಾದಲ್ಲೋ ಇದ್ದಾರೆ. ಇಲ್ಲಿ ಮಗ್‌ರಿಬ್ ಆಗುವಾಗ ವೀಡಿಯೊ ಕಾಲ್ ಮಾಡಿದರೆ ಅವರ ಹಿಂದೆ ಇನ್ನೂ ಬಿಸಿಲು. ಜಿದ್ದಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನೆಲ ತಟ್ಟೆಯ ಹಾಗೆ ಚಪ್ಪಟೆಯಾಗಿದ್ದರೆ ಇಬ್ಬರಿಗೂ ಒಟ್ಟಿಗೇ ಬೆಳಗಾಗಬೇಕಿತ್ತು. ಒಬ್ಬ ಹುಡುಗ ಉಪ್ಪನ ಹತ್ತಿರ ಅಲ್ಲಿನ ಕೋಲಿನ ನೆರಳನ್ನೂ ಅಳೆಯಿಸಿದ್ದಾನೆ. ಕೆಲಸದ ನಡುವೆ ಆ ಮನುಷ್ಯ ಸ್ಕೇಲ್ ಹಿಡಿದು ನಿಂತಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಹೆಸರುಗಳ ವಿಷಯ ಹೇಳದೆ ಹೋದರೆ ಸರಿಯಾಗದು. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲೇ ಅರ್ಧ ಆಕಾಶ ಉಂಟು. ಸುರಯ್ಯಾ ಎಂದರೆ ಕೃತ್ತಿಕೆ, ಬರಿಗಣ್ಣಿಗೆ ಆರು ಚುಕ್ಕಿಗಳ ಗೊಂಚಲು. ಸುಹೈಲ್ ಎಂದರೆ ಅಗಸ್ತ್ಯ ನಕ್ಷತ್ರ, ರಾತ್ರಿ ಆಕಾಶದಲ್ಲಿ ಹೊಳಪಿನಲ್ಲಿ ಎರಡನೆಯದು. ಝುಹರಾ ಶುಕ್ರ ಗ್ರಹ. ಜನವರಿ, ಫೆಬ್ರವರಿಯಲ್ಲಿ ಇಶಾ ಮುಗಿಸಿ ಬಂದು ದಕ್ಷಿಣಕ್ಕೆ ನೋಡಿದರೆ ಸುಹೈಲ್, ಮೇಲೆ ನೋಡಿದರೆ ಸುರಯ್ಯಾ. ತನ್ನ ಹೆಸರಿನ ನಕ್ಷತ್ರ ಕಂಡ ಮಗು ಅದನ್ನು ಸುಲಭದಲ್ಲಿ ಮರೆಯುವುದಿಲ್ಲ.

ಕಾಲ ಕೆಳಗಿನ ನೆಲವೂ ಪಾಠವೇ. ನಮ್ಮ ಮನೆಗಳ ಗೋಡೆಯ ಕೆಂಪು ಕಲ್ಲು, ಅಂದರೆ ಮುರಕಲ್ಲು, ಬಿಸಿಲು ಮಳೆಗೆ ಬಹುಕಾಲ ಸಿಕ್ಕ ಬಂಡೆಯಿಂದ ಉಳಿದದ್ದು. ಮಳೆನೀರು ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯುಮಿನಿಯಂ ಅಂಶ ಉಳಿಯಿತು. ಕೆಂಪು ಬಣ್ಣ ಆ ಕಬ್ಬಿಣದ ತುಕ್ಕು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಅದನ್ನು ಕಂಡ ಫ್ರಾನ್ಸಿಸ್ ಬುಕಾನನ್ ಅವರಿಂದ. 1807ರ ಪುಸ್ತಕದಲ್ಲಿ ಅವರು ಹಾಗೆ ಬರೆದರು. ರಜೆಗೆ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಕುಟುಂಬಗಳು ಅಲ್ಲಿನ ಕಂಬದಂಥ ಬಂಡೆಗಳ ಮುಂದೆ ಫೋಟೊ ತೆಗೆಯುತ್ತವೆ. ಅವು ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಎಂದು ಮಕ್ಕಳಿಗೆ ಒಂದು ಮಾತು ಹೇಳಬಹುದು. ಪಿಲಿಕುಳದ ತಾರಾಲಯಕ್ಕೆ ಹೋಗುವುದೂ ಒಳ್ಳೆಯದೇ, ಆದರೆ ಒಂದು ತಿಂಗಳು ಆಕಾಶ ನೋಡಿದ ಮೇಲೆ ಹೋದರೆ ಮಗು ಅಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತದೆ.

ಹೆತ್ತವರಲ್ಲಿ ಕೆಲವರು ‘ಇದೆಲ್ಲ ಪರೀಕ್ಷೆಗೆ ಬರುತ್ತದಾ?’ ಎನ್ನುತ್ತಾರೆ. ಇನ್ನು ಕೆಲವರು ಪ್ರತಿಯೊಂದಕ್ಕೂ ಕೂಡಲೇ ಒಂದು ಆಯತ್ ಹೊಂದಿಸಿ ಹೇಳಬೇಕೆಂದು ಬಯಸುತ್ತಾರೆ. ನನಗೆ ಎರಡೂ ಅವಸರವೇ ಅನಿಸುತ್ತದೆ. ಎಂಟು, ಹತ್ತು ವರ್ಷದ ಮಗು ಮೊದಲು ಕಣ್ಣಿನಿಂದ ನೋಡಲಿ, ಬರೆಯಲಿ, ತನ್ನ ಊಹೆ ಸರಿಯೋ ಎಂದು ಮರುದಿನ ಪರೀಕ್ಷಿಸಲಿ. ಆಕಾಶವನ್ನು ನೋಡಿ, ಯೋಚಿಸಿ ಎಂದು ಕುರ್‌ಆನ್ ಹೇಳುವುದು ಮತ್ತೆ ಮತ್ತೆ. ನೋಡುವ ಕೆಲಸ ಮೊದಲು ಆಗಬೇಕು.

ಗ್ರಹಣದ ದಿನ ಕಿಟಕಿ ಮುಚ್ಚುವ ಮನೆಗಳು ನಮ್ಮಲ್ಲೂ ಇವೆ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರಿನಲ್ಲಿ ಸೂರ್ಯ ಬಳೆಯ ಹಾಗೆ ಕಂಡ ದಿನವೂ ಹಲವು ಮಕ್ಕಳು ಒಳಗೇ ಇದ್ದರು. ಪ್ರವಾದಿಯವರ ಮಗು ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾಯಿತು, ಜನ ಆ ಸಾವಿಗೇ ಹೀಗಾಯಿತು ಎಂದರು. ಯಾರ ಸಾವಿಗೂ ಹುಟ್ಟಿಗೂ ಗ್ರಹಣ ಆಗುವುದಿಲ್ಲ ಎಂದು ಅವರು ಆ ದುಃಖದಲ್ಲೂ ತಿದ್ದಿದರು ಎಂಬುದು ಹದೀಸಿನಲ್ಲಿದೆ. ಗ್ರಹಣದ ನಮಾಝ್ ಮುಗಿಸಿ ಮಕ್ಕಳನ್ನು ಮರದ ಕೆಳಗೆ ಕರೆದುಕೊಂಡು ಹೋಗಿ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳೆಲ್ಲ ಗ್ರಹಣ ಹಿಡಿದ ಸೂರ್ಯನ ಆಕಾರದಲ್ಲೇ ಇರುತ್ತವೆ. ಸೂರ್ಯನನ್ನು ಮಾತ್ರ ನೇರ ನೋಡಬಾರದು. ಎಕ್ಸ್-ರೇ ಹಾಳೆ, ಕೂಲಿಂಗ್ ಗ್ಲಾಸ್ ಯಾವುದೂ ಆಗುವುದಿಲ್ಲ, ಗ್ರಹಣಕ್ಕೆಂದೇ ಮಾಡಿದ ಕನ್ನಡಕವೇ ಬೇಕು.

2027ರ ಆಗಸ್ಟ್ 2, ಸೋಮವಾರ ಮಕ್ಕಾ, ಜಿದ್ದಾದಲ್ಲಿ ಪೂರ್ಣ ಸೂರ್ಯಗ್ರಹಣ. ಅಲ್ಲಿ ಮಧ್ಯಾಹ್ನ, ಇಲ್ಲಿ ಶಾಲೆ ಬಿಡುವ ಹೊತ್ತು. ನಮಗೆ ಮೋಡವೇ ಸಿಗಬಹುದು, ಉಪ್ಪ, ಮಾವಂದಿರು ಅಲ್ಲಿರುವ ಮನೆಗಳಿಗೆ ಕಾಲ್ ಬರುತ್ತದೆ. ಅಂದು ಹಿಜರಿ ತಿಂಗಳ ಎಷ್ಟನೇ ತಾರೀಕು ಇರಬೇಕು, ತಿಂಗಳ ಶುರುವೋ ನಡುವೋ ಕೊನೆಯೋ ಎಂದು ಮಕ್ಕಳ ಹತ್ತಿರ ಈಗಲೇ ಕೇಳಿ. ಚೆಂಡು, ಬಲ್ಬ್ ಹಿಡಿದು ಹೇಳಲಿ, ಕ್ಯಾಲೆಂಡರ್ ಆಮೇಲೆ ನೋಡೋಣ.